ಹನ್ನೆರಡನೇ ಚೌಕ ಖಾಲಿ ಇದೆ

ಈ ಸಭೆಯ ಅಧ್ಯಕ್ಷತೆ ವಹಿಸಿ, ನಾನು ಬಾಯಿ ತೆರೆಯುವ ಮೊದಲೇ ಎರಡು ಸಲ ಗಡಿಯಾರ ನೋಡಿಕೊಂಡ ನಮ್ಮ ಬಡಾವಣೆ ಸಂಘದ ಯೋಗಾನಂದ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ರಾಗಿಣಿ ಮೇಡಂ ಅವರೇ, ಸೂಜಿ ದಾರ ಬಳಗವನ್ನು ಕಟ್ಟಿ ಎರಡು ವರ್ಷ ನನ್ನ ಬಾಯನ್ನೂ ಸಹಿಸಿಕೊಂಡಿರುವ ಸ್ಪಂದನ, ಬಳಗದ ಅಕ್ಕತಂಗಿಯರೇ, ಹೆಂಡತಿಯರ ಜೊತೆ ಬಂದು ಬಾಗಿಲ ಪಕ್ಕದ ಕುರ್ಚಿಗಳನ್ನೇ ಹುಡುಕಿ ಹಿಡಿದಿರುವ ಯಜಮಾನರೇ, ಮತ್ತು ಸಭಿಕರೇ.

ನನಗೆ ಶಾಲು ಹೊದಿಸಿದ್ದೀರಿ. ಸಂತೋಷ. ಶಾಲಿನ ಅಂಚಿನಲ್ಲಿ ಮೂರು ಕಡೆ ದಾರ ಬಿಟ್ಟಿದೆ. ನೋಡಬಾರದು ಅಂದುಕೊಂಡೇ ಕುಳಿತಿದ್ದೆ, ಆಗಲಿಲ್ಲ. ಯೋಗಾನಂದ ಅವರೇ, ನಿಮ್ಮ ಅಂಗಿಯ ಎಡಗಡೆಯ ಕಾಲರ್ ತುದಿ ಬಲಗಡೆಯದಕ್ಕಿಂತ ಒಂದು ನೂಲು ಉದ್ದ ಇದೆ. ಮುಟ್ಟಿಕೊಳ್ಳಬೇಡಿ, ಬೇರೆ ಯಾರಿಗೂ ಕಾಣುವುದಿಲ್ಲ. ನನಗೆ ಮಾತ್ರ ಕಾಣುತ್ತದೆ.

ಯಾಕೆ ಕಾಣುತ್ತದೆ? ಇಪ್ಪತ್ತಾರು ವರ್ಷ ನಾನು ಗಾರ್ಮೆಂಟ್ಸಿನಲ್ಲಿ ಚೆಕ್ಕರ್ ಆಗಿದ್ದವಳು. ಹೆಸರು ಮುನಿಲಕ್ಷ್ಮಮ್ಮ, ಊರು ಬ್ಯಾಡರಹಳ್ಳಿ, ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಹಾಗಾಗಿ ನನ್ನ ಮಾತಿನಲ್ಲಿ ದೊಡ್ಡ ದೊಡ್ಡ ಪದ ಹುಡುಕಬೇಡಿ. ನನಗೆ ಸಿಟ್ಟು ಬೇಗ ಬರುತ್ತದೆ, ಅದೂ ನಿಮಗೆ ಗೊತ್ತು. ಇವತ್ತು ಸಿಟ್ಟಿಲ್ಲ. ಇವತ್ತು ನನಗೆ ಎಷ್ಟು ಖುಷಿಯಾಗಿದೆ ಎಂದರೆ ಬೆಳಿಗ್ಗೆಯಿಂದ ಎರಡು ತುತ್ತು ಉಪ್ಪಿಟ್ಟು ಬಿಟ್ಟರೆ ಏನೂ ಗಂಟಲಿಗೆ ಇಳಿದಿಲ್ಲ.

ಖುಷಿ ಒಂದು ಕಡೆ. ಇನ್ನೊಂದು ಕಡೆ ಹೆದರಿಕೆಯೂ ಇದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮೂರನೇ ಸಾಲಿನಲ್ಲಿ ಫ್ಯಾನಿನ ಕೆಳಗೆ, ಯಜಮಾನರ ಪಕ್ಕದಲ್ಲಿ, ಹಸಿರು ಸೀರೆ ಉಟ್ಟು ಅಲಮೇಲಮ್ಮ ಕುಳಿತಿದ್ದಾರೆ. ನಮ್ಮ ಬಳಗದವರೇ. ಐದು ತಿಂಗಳಿಂದ ನನ್ನ ಜೊತೆ ಅವರಿಗೆ ಮಾತಿಲ್ಲ. ಬಳಗಕ್ಕೂ ಬಂದಿಲ್ಲ, ಸೂಜಿಯನ್ನೂ ಮುಟ್ಟಿಲ್ಲ. ಇವತ್ತು ಬಂದಿರುವುದು ಸ್ಪಂದನಳ ಮುಖ ನೋಡಿ. ಸಭಿಕರೇ, ಈ ಸನ್ಮಾನ ನನಗೆ ಯಾಕೆ ಬೇಕಿತ್ತು ಗೊತ್ತೇ? ಎದ್ದು ಹೋಗದ ಹಾಗೆ ಅವರನ್ನು ಒಂದು ಕಡೆ ಕೂರಿಸಿ ನಾನು ಮಾತನಾಡಬೇಕಿತ್ತು. ಅವರ ಮನೆಗೆ ಮೂರು ಸಲ ಹೋದೆ. ಮೂರು ಸಲವೂ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ.

ಇದನ್ನು ಮೊದಲಿನಿಂದ ಹೇಳಬೇಕು.

ಚೆಕ್ಕರ್ ಕೆಲಸ ಏನು? ಅಂಗಿ ಹೊಲಿದು ಬರುತ್ತದೆ. ನನ್ನ ಮುಂದೆ ಮೇಜು, ತಲೆಯ ಮೇಲೆ ಟ್ಯೂಬ್‌ಲೈಟು. ಹೊಲಿಗೆ ಎಲ್ಲಿ ತಪ್ಪಿದೆ, ಎಲ್ಲಿ ಸುಕ್ಕು ಬಿದ್ದಿದೆ, ಎಲ್ಲಿ ಒಂದು ಹೊಲಿಗೆ ಹಾರಿದೆ ಎಂದು ನೋಡುವುದು. ತಪ್ಪು ಕಂಡ ಕಡೆ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು. ಬಾಣ ಅಂಟಿಸಿದ ಅಂಗಿ ಆಲ್ಟ್ರೇಷನ್‌ಗೆ ಹೋಗುತ್ತದೆ, ಸರಿಯಾಗಿ ವಾಪಸ್ಸು ಬರುತ್ತದೆ. ಸರಿ ಮಾಡಲು ಆಗದೇ ಇರುವುದಕ್ಕೆ ಬಾಣ ಅಂಟಿಸುವುದಿಲ್ಲ, ಸೀದಾ ಮೂಲೆಯ ರಾಶಿಗೆ ಎಸೆಯುವುದು. ಆ ರಾಶಿಗೆ ಹೋದದ್ದನ್ನು ಮತ್ತೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನನಗೆ ಕೊಟ್ಟದ್ದು ಕಾಲರ್. ಇಪ್ಪತ್ತಾರು ವರ್ಷ ಕಾಲರ್ ನೋಡಿದೆ ಸ್ವಾಮಿ! ಅಂಗಿಗೆ ತೋಳು ಇರುತ್ತದೆ ಎನ್ನುವುದೇ ಮರೆತುಹೋಗುವಷ್ಟು ಕಾಲರ್. ದಿನಕ್ಕೆ ಎಂಟುನೂರು. ಇಷ್ಟೆಲ್ಲ ಮಾಡಿ ನಾನು ಕೈಯಾರೆ ಹೊಲಿದ ಅಂಗಿ ಎಷ್ಟು? ಒಂದೂ ಇಲ್ಲ. ಇನ್ನೊಬ್ಬರು ಹೊಲಿದದ್ದರಲ್ಲಿ ತಪ್ಪು ಹುಡುಕಿ ಮನೆಗೆ ಬಂದೆ, ಅಷ್ಟೆ.

ಮನೆಗೆ ಬಂದ ಮೇಲೆ ಆ ಕಣ್ಣನ್ನು ಎಲ್ಲಿ ಇಡಲಿ? ನಮ್ಮ ಸೊಸೆ ಚೇತನಾ ಒಳ್ಳೆಯ ಹುಡುಗಿ, ಇಲ್ಲೇ ಎಲ್ಲೋ ಕುಳಿತಿದ್ದಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಬಾಗಿಲಿಗೆ ಚೆಂದವಾಗಿ ರಂಗೋಲಿ ಹಾಕುತ್ತಿದ್ದಳು. ಒಂದು ಎಳೆ ಆಚೆ ಹೋದರೆ ನಾನು ಕಾಲಿನಿಂದ ಅಳಿಸುತ್ತಿದ್ದೆ. "ಸರಿಯಾಗಿ ಹಾಕು, ಇಲ್ಲಾಂದ್ರೆ ಹಾಕ್ಬೇಡ" ಎನ್ನುತ್ತಿದ್ದೆ. ಈಗ ನಮ್ಮ ಮನೆಯ ಮುಂದೆ ಅಂಗಡಿಯಲ್ಲಿ ಸಿಗುವ ಅಂಟಿಸುವ ರಂಗೋಲಿ ಇದೆ. ಎಳೆ ನೆಟ್ಟಗಿದೆ, ಒಂದು ಚುಕ್ಕಿ ಆಚೆ ಈಚೆ ಇಲ್ಲ. ಏನೂ ಹೇಳುವ ಹಾಗಿಲ್ಲ. ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ, ಬಿಡಿ. ಮುಂದಕ್ಕೆ ಹೋಗೋಣ.

ಅವಳೇ ನನ್ನನ್ನು ಇಲ್ಲಿಗೆ ಕರೆತಂದು ಬಿಟ್ಟದ್ದು. "ಅತ್ತೆ, ಶ್ರೀಗಂಧದ ಕಾವಲಿನಲ್ಲಿ ಹೊಲಿಗೆ ಬಳಗ ಇದೆಯಂತೆ, ಗುರುವಾರ ಗುರುವಾರ ಹೋಗಿ ಬನ್ನಿ" ಎಂದಳು. ವಾರದಲ್ಲಿ ಒಂದು ಮಧ್ಯಾಹ್ನವಾದರೂ ಮನೆ ತಣ್ಣಗಿರಲಿ ಎಂದೇ ಇರಬೇಕು. ನಾನು ಬಂದೆ. ಬಂದರೆ ಏನು ನೋಡುವುದು? ಹದಿನೈದು ಹೆಂಗಸರು ನೆಲದ ಮೇಲೆ ಹಳೆಯ ಸೀರೆ ಹಾಸಿಕೊಂಡು, ಪದರದ ಮೇಲೆ ಪದರ ಇಟ್ಟು, ದೊಡ್ಡ ಸೂಜಿಯಲ್ಲಿ ಹೊಲಿಯುತ್ತಿದ್ದಾರೆ! ನೀವು ಅದನ್ನು ಕೌದಿ ಅನ್ನುತ್ತೀರಿ. ನಮ್ಮ ಹಳ್ಳಿಯಲ್ಲಿ ಬೊಂತೆ ಅನ್ನುತ್ತಿದ್ದೆವು. ಐವತ್ತೈದು ವರ್ಷವಾಗಿತ್ತು ಸಭಿಕರೇ ನಾನು ಬೊಂತೆಯನ್ನು ನೋಡಿ. ಚಪ್ಪಲಿ ಬಿಟ್ಟು ಅವರ ಮಧ್ಯೆ ಕುಳಿತುಬಿಟ್ಟೆ.

ನಮ್ಮಜ್ಜಿ ಪಟಾಲಮ್ಮ. ರಾಗಿ ಕಣದ ಕೆಲಸ ಮುಗಿದ ಮೇಲೆ ಹೊಂಗೆಮರದ ಕೆಳಗೆ ಬೊಂತೆ ಹಾಸುತ್ತಿದ್ದಳು. ಅವಳಿಗೆ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮನೆಯ ಪ್ರತಿ ಹೆಣ್ಣೂ, ಐದು ವರ್ಷದ ಮಗುವಾದರೂ, ಒಂದೊಂದು ಸಾಲು ಹೊಲಿಯಬೇಕು. ಒಬ್ಬರು ಹೊಲಿದ ಸಾಲನ್ನು ಇನ್ನೊಬ್ಬರು ಬಿಚ್ಚಬಾರದು. ಎಷ್ಟೇ ಸೊಟ್ಟಗಿರಲಿ, ಬಿಚ್ಚಬಾರದು. ಚಿಕ್ಕಮ್ಮ ಒಂದು ಸಲ ನನ್ನ ಸಾಲಿಗೆ ಕೈ ಹಾಕಿದಳು. ಅಜ್ಜಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಏಯ್, ಬಿಡೇ! ಅದು ಮುನಿಲಕ್ಷ್ಮಿದು ಕಣೇ!" ಬೆಳಿಗ್ಗೆ ಆ ಬೊಂತೆಯೊಳಗೆ ಮಲಗಿದಲ್ಲೇ ನಾವು ಹುಡುಗಿಯರು ಬೆರಳಿಟ್ಟು ಹುಡುಕುತ್ತಿದ್ದೆವು, ಇದು ನಂದು, ಇದು ನಿಂದು ಎಂದು. ನಮ್ಮ ಮನೆಯಲ್ಲಿ ಅಕ್ಷರ ಬಲ್ಲವರು ಇರಲಿಲ್ಲ. ಆದರೂ ಯಾರ ಸಾಲು ಯಾವುದು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಇದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ. ಮರೆತದ್ದು ಬರೀ ಬೊಂತೆಯನ್ನಲ್ಲ, ಆ ಪದ್ಧತಿಯನ್ನೂ ಮರೆತಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಖುಷಿಯನ್ನು ಹೇಳಿಕೊಳ್ಳಲು ಬಿಡಿ. ಆ ದಿನ ಮನೆಗೆ ಹೋಗಿ ನನಗೆ ನಿದ್ದೆ ಬರಲಿಲ್ಲ. ಏನು ಹೊಲಿಯಲಿ, ಏನು ಹೊಲಿಯಲಿ? ಗಾರ್ಮೆಂಟ್ಸ್ ವೇಸ್ಟ್ ಮಾರುವ ಅಂಗಡಿಯಲ್ಲಿ ಕಾಲರ್‌ಗಳು ಮೂಟೆಗಟ್ಟಲೆ ಬಿದ್ದಿರುತ್ತವೆ. ಒಂದು ಮೂಟೆ ಹೊತ್ತು ತಂದೆ. ಇಷ್ಟು ವರ್ಷ ತಪ್ಪು ಹುಡುಕಿದ ಕಾಲರ್‌ಗಳನ್ನು ಇಟ್ಟುಕೊಂಡು ಬೊಂತೆ ಮಾಡಿದೆ! ಚೂಪು ತುದಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿದರೆ ದಾಸವಾಳದ ದಳದ ಹಾಗೆ ಆಗುತ್ತದೆ, ಯಾರಿಗೆ ಗೊತ್ತಿತ್ತು? ರಾಗಿಣಿ ಮೇಡಂ ಅದರ ಫೋಟೋ ನಲವತ್ತು ತೆಗೆದುಕೊಂಡರು, ನಾನು ಎಣಿಸಿದೆ. ಅದಕ್ಕೇ ಈ ಶಾಲು.

ಈಗ ನನಗೆ ದಾರಿಯಲ್ಲಿ ನಡೆಯಲು ಆಗುವುದಿಲ್ಲ. ಮಾಗಡಿ ರಸ್ತೆಯಲ್ಲಿ ಸೊಪ್ಪಿನ ಗಾಡಿ ಕಂಡರೆ ನಿಂತುಬಿಡುತ್ತೇನೆ. ದಂಟು, ಮೆಂತ್ಯ, ಸಬ್ಬಸಿಗೆ, ಒಂದರ ಪಕ್ಕ ಒಂದು, ಎಷ್ಟು ಬಗೆಯ ಹಸಿರು! "ಏನ್ ಬೇಕಮ್ಮ?" ಎಂದು ಕೇಳುತ್ತಾನೆ. "ಏನೂ ಬೇಡ, ಸುಮ್ನೆ ನೋಡ್ತಾ ಇದೀನಿ" ಎನ್ನುತ್ತೇನೆ. "ಸೊಪ್ಪು ನೋಡಕ್ಕೆ ಬರೋರನ್ನ ಇವತ್ತೇ ನೋಡಿದ್ದು ಗುರು" ಎಂದು ಪಕ್ಕದ ಗಾಡಿಯವನಿಗೆ ಹೇಳುತ್ತಾನೆ. ಎದುರು ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಗಿಸಿದರೆ ನನಗೆ ಅದೊಂದು ದೊಡ್ಡ ಬೊಂತೆಯ ಹಾಗೆ ಕಾಣುತ್ತದೆ. ನಾಲ್ಕನೇ ಮಹಡಿಯವರು ಯಾವಾಗಲೂ ನೀಲಿಯ ಪಕ್ಕ ನೀಲಿಯನ್ನೇ ಹಾಕುತ್ತಾರೆ, ಅವರಿಗೆ ಒಂದು ದಿನ ಹೋಗಿ ಹೇಳಬೇಕು. ಅರವತ್ತೆಂಟು ವರ್ಷಕ್ಕೆ ನನಗೆ ಬಣ್ಣ ಕಾಣಲು ಶುರುವಾಗಿದೆ ಸಭಿಕರೇ! ಬೆಳಿಗ್ಗೆ ಎದ್ದರೆ ಕೈ ತುರಿಸುತ್ತದೆ. ಇದನ್ನು ಯಾರಿಗೆ ಹೇಳಲಿ? ಹೇಳಿದರೆ ಮಕ್ಕಳು, "ಅಮ್ಮ, ಬಿ.ಪಿ. ಮಾತ್ರೆ ತಗೊಂಡ್ರಾ?" ಎಂದು ಕೇಳುತ್ತಾರೆ.

ಕೇಳಿಸಿಕೊಳ್ಳುತ್ತಿದ್ದವರು ಒಬ್ಬರೇ, ಅಲಮೇಲಮ್ಮ.

ಅವರು ಓದಿದವರು, ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಅನ್ನಪೂರ್ಣೇಶ್ವರಿ ನಗರದಿಂದ ಬರುತ್ತಿದ್ದರು. ಅವರದು ಕಸೂತಿ. ಒಂದು ದಸರಾದಿಂದ ಇನ್ನೊಂದು ದಸರಾಕ್ಕೆ, ತಿಂಗಳಿಗೆ ಒಂದು ಚೌಕ, ವರ್ಷಕ್ಕೆ ಹನ್ನೆರಡು ಚೌಕ, ಎಲ್ಲ ಸೇರಿಸಿ ಒಂದು ಬೊಂತೆ ಎಂದು ಲೆಕ್ಕ ಹಾಕಿಕೊಂಡಿದ್ದರು. ಹೂವು ಬಳ್ಳಿ ನವಿಲು ಒಂದೂ ಇಲ್ಲ. ಅವರ ಬಾಲ್ಕನಿಯಿಂದ ಕಂಡದ್ದೇ ಚಿತ್ರ. ಗ್ಯಾಸ್ ಸಿಲಿಂಡರ್ ಹೊತ್ತವನು, ಕರಿಬೇವಿನ ಕುಂಡ, ಡಿಶ್ ಆಂಟೆನಾ ಮೇಲೆ ಕುಳಿತ ಕಾಗೆ. ಹಾಲಿನ ಪ್ಯಾಕೆಟ್ ಕೂಡ ಹಾಕಿದ್ದರು!

ಮೂರನೇ ತಿಂಗಳ ಚೌಕ ಆ ಕಾಗೆ. ನನ್ನ ಪರ್ಸಿನಲ್ಲಿ ಹಳೆಯ ಬಾಣದ ಸ್ಟಿಕ್ಕರ್ ಇದ್ದವು. ಕೈ ಸುಮ್ಮನಿರಬೇಕಲ್ಲ? ಏಳು ಬಾಣ ಅಂಟಿಸಿದೆ.

"ಏನ್ರೀ ಮುನಿಲಕ್ಷ್ಮಮ್ಮ ಇದು, ನನ್ನ ಕಾಗೆಗೆ ಇಷ್ಟೊಂದು ಬಾಣ ಹೊಡ್ದಿದೀರಿ? ಪಾಪ, ಸತ್ತೇ ಹೋಯ್ತು!" ಎಂದರು.

"ಕತ್ತು ಸೊಟ್ಟ ಇದೆ ಮೇಡಂ" ಎಂದೆ.

"ಕಾಗೆ ಕತ್ತು ಸೊಟ್ಟ ಮಾಡ್ಕೊಂಡು ತಾನೇ ನೋಡೋದು? ನೆಟ್ಟಗೆ ನೋಡೋ ಕಾಗೆ ನಿಮ್ಮ ಬ್ಯಾಡರಹಳ್ಳೀಲಿ ಇದ್ರೆ ಹಿಡ್ಕೊಂಡು ಬನ್ನಿ."

ಬಳಗವೆಲ್ಲ ನಕ್ಕಿತು. ನಾನೂ ನಕ್ಕೆ. ನನ್ನ ಬಾಯಿಗೆ ಬಾಯಿ ಕೊಡುವವರು ಸಿಕ್ಕಿದರಲ್ಲ ಎಂದು ಖುಷಿಯಾಯಿತು. ಆಮೇಲೆ ಪ್ರತಿ ಗುರುವಾರ ಅವರ ಪಕ್ಕದಲ್ಲೇ ನನ್ನ ಜಾಗ. ಅವರ ಬಲಗೈ ಸ್ವಲ್ಪ ನಡುಗುತ್ತಿತ್ತು. ವಯಸ್ಸು ಎಂದುಕೊಂಡೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಹೋದ ದಸರಾಕ್ಕೆ ಪ್ರದರ್ಶನ ಇಟ್ಟೆವು. ಅಲಮೇಲಮ್ಮನ ಹನ್ನೆರಡು ಚೌಕಗಳೂ ಮುಗಿದಿದ್ದವು. ಚೌಕ ಸೇರಿಸಿ, ಪದರ ಕೊಟ್ಟು, ಅಂಚು ಕಟ್ಟುವ ಕೆಲಸವನ್ನು ನಾನು ಮನೆಗೆ ತೆಗೆದುಕೊಂಡು ಹೋದೆ. ನಾಲ್ಕು ದಿನ ಇತ್ತು. ಮೇಜಿನ ಮೇಲೆ ಹರಡಿ ಟ್ಯೂಬ್‌ಲೈಟ್ ಹಾಕಿದೆ ನೋಡಿ, ಮುಗಿಯಿತು. ಹೊಲಿಗೆ ಒಂದು ಉದ್ದ, ಒಂದು ಮೋಟು. ಗೆರೆ ಅಲ್ಲಾಡಿದೆ. ಪಾಪ, ಇಷ್ಟು ಚೆಂದದ ಚಿತ್ರ, ಜನ ನೋಡಿ ಏನೆಂದುಕೊಳ್ಳುತ್ತಾರೆ, ನನ್ನ ಸ್ನೇಹಿತೆಗೆ ಅವಮಾನ ಆಗಬಾರದು ಎಂದುಕೊಂಡೆ. ಕತ್ತರಿ ತೆಗೆದುಕೊಂಡೆ. ಹನ್ನೆರಡು ಚೌಕದ ಕಸೂತಿಯನ್ನೂ ಬಿಚ್ಚಿದೆ. ಬಿಚ್ಚಿ, ಅದೇ ಚಿತ್ರವನ್ನು, ಒಂದೇ ಅಳತೆಯ ಹೊಲಿಗೆಯಲ್ಲಿ, ಊಟ ನಿದ್ದೆ ಬಿಟ್ಟು ಹೊಸದಾಗಿ ಹಾಕಿದೆ. ಯಾವ ಕಂಪನಿಯ ಚೆಕ್ಕರ್ ಬಂದರೂ ಒಂದು ಬಾಣ ಅಂಟಿಸಲು ಆಗಬಾರದು, ಹಾಗೆ! ಕೊನೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಲು ಶುರು ಮಾಡಿದೆ. ಕೊನೆಯ ಮೂಲೆಯಿಂದ ಹಿಡಿದೆ, ಹನ್ನೆರಡನೇ ಚೌಕ ಒಂದೇ ಒಂದು ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಬೈದುಕೊಂಡು ಹಾಗೇ ತಂದು ಪ್ರದರ್ಶನಕ್ಕೆ ಹಾಕಿದೆ.

ಅಲಮೇಲಮ್ಮ ಬಂದರು. ನಾನು ಪಕ್ಕದಲ್ಲಿ ನಿಂತು ಮುಖವನ್ನೇ ನೋಡುತ್ತಿದ್ದೆ, ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು. ಅವರು ಒಂದೊಂದೇ ಚೌಕದ ಮೇಲೆ ಬೆರಳಾಡಿಸಿದರು. ಕಾಗೆಯ ಕತ್ತನ್ನು ಮುಟ್ಟಿ ನೋಡಿದರು. ಕತ್ತು ನೆಟ್ಟಗಿತ್ತು.

"ತುಂಬಾ ಚೆನ್ನಾಗಿದೆ ಮುನಿಲಕ್ಷ್ಮಮ್ಮ," ಎಂದರು. "ಇದು ಯಾರದ್ದು?"

ಅಷ್ಟೇ ಕೇಳಿದ್ದು. ಬೊಂತೆಯನ್ನು ಅಲ್ಲೇ ಬಿಟ್ಟು ಮನೆಗೆ ಹೋದರು.

ನನಗೆ ಸಿಟ್ಟು ಬಂತು. ಬರದೇ ಇರುತ್ತದೆಯೇ? ನಾಲ್ಕು ದಿನ ಬೆನ್ನು ಮುರಿದುಕೊಂಡಿದ್ದೇನೆ, ಒಂದು ಒಳ್ಳೆಯ ಮಾತಿಲ್ಲ. ಓದಿದವರ ಕೊಬ್ಬು ಇದು ಎಂದು ಇದೇ ಹಾಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದೆ. ಅಂದದ್ದು ಅಂದೆ, ಈಗ ಸುಳ್ಳು ಯಾಕೆ ಹೇಳಲಿ?

ಎಂಟು ದಿನದ ಮೇಲೆ ಆ ಸೊಪ್ಪಿನ ಗಾಡಿಯ ಹತ್ತಿರವೇ ಅವರ ಯಜಮಾನರು ಸೇತುರಾಮ ಅವರು ಸಿಕ್ಕಿದರು. ಮೃದು ಮನುಷ್ಯರು. ಕೊತ್ತಂಬರಿ ಕಟ್ಟನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದರು.

"ನೀವು ಬೇಕೂಂತ ಮಾಡಿಲ್ಲ, ನಂಗೊತ್ತು. ಆದ್ರೆ ಅವಳಿಗೆ ಕೈ ನಡುಗೋ ಕಾಯಿಲೆ ಕಣ್ರೀ. ಎರಡು ವರ್ಷ ಆಯ್ತು. ಯಾರ ಹತ್ರಾನೂ ಹೇಳ್ಕೊಂಡಿಲ್ಲ. ಡಾಕ್ಟ್ರು ಕೈಗೆ ಸಣ್ಣ ಕೆಲಸ ಕೊಡ್ತಿರಿ ಅಂದಿದ್ರು. ಅದಕ್ಕೆ ಶುರು ಮಾಡಿದ್ದು. ಪ್ರತೀ ಸಲ ಡಾಕ್ಟ್ರ ಹತ್ರ ಹೋದಾಗ್ಲೂ ರಿಪೋರ್ಟ್ ತೋರಿಸ್ತಿರ್ಲಿಲ್ಲ ಅವಳು, ಈ ಚೌಕಗಳನ್ನ ತೋರಿಸ್ತಿದ್ಲು. ನೋಡಿ ಡಾಕ್ಟ್ರೇ, ಜನವರಿ ನೋಡಿ, ಈಗ ಜೂನ್ ನೋಡಿ, ಹೊಲಿಗೆ ಸಣ್ಣ ಆಗಿದ್ಯಲ್ಲ, ಅಂತ. ಕೊನೇ ಚೌಕದಲ್ಲಿ ಏನು ಹಾಕಿದ್ಲು ಗೊತ್ತಾ?"

"ಕಾಫಿ ಲೋಟ" ಎಂದೆ.

"ಹೂಂ. ಆ ತಿಂಗಳು ತುಂಬಿದ ಲೋಟಾನ ಚೆಲ್ಲದೆ ಎತ್ತಿದ್ಲು. ಒಂದು ವರ್ಷದ ಮೇಲೆ. ಅದಕ್ಕೇ ಅದು."

ಸೊಪ್ಪಿನವನು, "ಅಮ್ಮ, ಇವತ್ತೂ ಸುಮ್ನೆ ನೋಡಕ್ಕಾ?" ಎಂದ. ನಾನು ಸೊಪ್ಪನ್ನೂ ನೋಡದೆ ಮನೆಗೆ ನಡೆದೆ. ನನ್ನನ್ನು ಬಲ್ಲವರಿಗೆ ಅದರ ಅರ್ಥ ಗೊತ್ತು.

ಒಂದು ವರ್ಷ ಸಭಿಕರೇ. ಒಬ್ಬ ಹೆಂಗಸು ತನ್ನ ಕೈ ಸರಿಹೋಗುತ್ತಿದೆ ಎನ್ನುವುದಕ್ಕೆ ತಿಂಗಳು ತಿಂಗಳೂ ಬಟ್ಟೆಯ ಮೇಲೆ ಬರೆದಿಟ್ಟುಕೊಂಡಿದ್ದಳು. ನಾನು ನಾಲ್ಕು ದಿನದಲ್ಲಿ ಅದನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಜನವರಿಯೂ ಒಂದೇ, ಜೂನೂ ಒಂದೇ, ಎಲ್ಲ ನೆಟ್ಟಗೆ. "ಇದು ಯಾರದ್ದು" ಎಂದು ಅವರು ಕೇಳಿದ್ದು ಕೊಬ್ಬಿನಿಂದಲ್ಲ. ನಮ್ಮಜ್ಜಿ ಇದ್ದಿದ್ದರೆ ಇನ್ನೂ ಜೋರಾಗಿ ಕೇಳುತ್ತಿದ್ದಳು.

ಏನು ಮಾಡಲಿ? ಕ್ಷಮಿಸಿ ಎನ್ನಲು ಮೂರು ಸಲ ಹೋದದ್ದು ಆಗಲೇ ಹೇಳಿದೆ. ಮೂರನೇ ಸಲ ಅವರು ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ತಂದರು. ಬಟ್ಟಲಿಗೆ ಅರ್ಧ ಚೆಲ್ಲಿತ್ತು. ಮತ್ತೆ ನಡುಕ ಜಾಸ್ತಿಯಾಗಿದೆ ಎಂದು ನನಗೆ ಆಗ ಗೊತ್ತಾಯಿತು.

ಬೊಂತೆ ಸ್ಪಂದನಳ ಬೀರುವಿನಲ್ಲಿತ್ತು. ಮನೆಗೆ ತಂದೆ. ಪದರ ಬಿಚ್ಚಿ ಮೇಲಿನ ಬಟ್ಟೆಯನ್ನು ಬೇರೆ ಮಾಡಿದೆ. ನನ್ನ ನೆಟ್ಟಗಿನ ಹೊಲಿಗೆಯನ್ನೆಲ್ಲ ಕಿತ್ತೆ. ಆಮೇಲೆ ಬಟ್ಟೆಯನ್ನು ಕಿಟಕಿಗೆ ಹಿಡಿದೆ.

ಇಲ್ಲಿ ಕೇಳಿ, ಇದು ಚೆಕ್ಕರ್‌ಗಳಿಗೆ ಮಾತ್ರ ಗೊತ್ತಿರುವ ವಿಷಯ. ಹೊಲಿಗೆ ಬಿಚ್ಚಿದರೂ ಸೂಜಿಯ ತೂತು ಉಳಿಯುತ್ತದೆ. ನೀರು ಬಿದ್ದು ಇಸ್ತ್ರಿ ಆದರೆ ಮುಚ್ಚಿಹೋಗುತ್ತದೆ, ಅಲ್ಲಿಯವರೆಗೂ ಇರುತ್ತದೆ. ಗಾರ್ಮೆಂಟ್ಸಿನಲ್ಲಿ ಕದ್ದು ಬಿಚ್ಚಿ ಹೊಲಿದವರನ್ನು ನಾನು ಹಿಡಿಯುತ್ತಿದ್ದದ್ದೇ ಹಾಗೆ. ಬೆಳಕಿಗೆ ಹಿಡಿದರೆ ಒಂದೇ ಅಳತೆಯಲ್ಲಿ ಸಾಲಾಗಿ ನಿಂತ ತೂತುಗಳು ನನ್ನವು. ಅವುಗಳ ನಡುವೆ ಅಡ್ಡಾದಿಡ್ಡಿ ಓಡಿದವು ಅವರವು. ಇತ್ತು! ಅಲಮೇಲಮ್ಮನ ಹೊಲಿಗೆ ಎಲ್ಲಿಯೂ ಹೋಗಿರಲಿಲ್ಲ! ನಾನು ಎಷ್ಟು ಜೋರಾಗಿ ಕೂಗಿದೆ ಎಂದರೆ ಚೇತನಾ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. "ಏನಾಯ್ತು ಅತ್ತೆ?" ಎಂದಳು. "ತೂತು ಕಣೇ, ತೂತು!" ಎಂದೆ. ಅವಳೂ ಬಿ.ಪಿ. ಮಾತ್ರೆಯ ಮಾತನ್ನೇ ಎತ್ತಿದಳು.

ನಾಲ್ಕು ತಿಂಗಳು. ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ನಮ್ಮ ಕಿಟಕಿಗೆ ಬಿಸಿಲು ಬರುತ್ತದೆ. ಒಂದೊಂದು ತೂತಿನ ಪಕ್ಕವೂ ಬಾಣ ಅಂಟಿಸಿ, ಅದೇ ನಂಬರಿನ ದಾರ ತಂದು, ಅದೇ ತೂತಿನಲ್ಲಿ ಸೂಜಿ ಇಳಿಸಿ, ಅದೇ ತೂತಿನಲ್ಲಿ ಎತ್ತಿದೆ. ಮೊದಲಿನ ಚಿತ್ರಗಳ ಫೋಟೋ ಬಳಗದಲ್ಲಿ ಇತ್ತು, ಆದರೆ ಫೋಟೋದಲ್ಲಿ ಕಾಗೆ ಕಾಣುತ್ತದೆ, ಹೊಲಿಗೆ ಕಾಣುವುದಿಲ್ಲ. ಸೊಟ್ಟ ಹೊಲಿಗೆ ಹಾಕುವುದು ಎಷ್ಟು ಕಷ್ಟ ಗೊತ್ತೇ ನಿಮಗೆ? ನನ್ನ ಕೈ ಪ್ರತಿ ಸಲವೂ ನೆಟ್ಟಗೆ ಹೋಗಲು ಹಟ ಮಾಡುತ್ತದೆ. ಜನವರಿಯ ಚೌಕದಲ್ಲಿ ಒಂದೇ ಕಡೆ ಒಂಬತ್ತು ತೂತು ಇತ್ತು. ಸೂಜಿಯನ್ನು ಒಂಬತ್ತು ಸಲ ಚುಚ್ಚಿ, ತಪ್ಪಿ, ಮತ್ತೆ ಚುಚ್ಚಿದ್ದಾರೆ. ನಾನು ಅಲ್ಲಿಯೇ ಪಕ್ಕದಲ್ಲಿ ಕುಳಿತು ಸೊಪ್ಪಿನ ಬಣ್ಣದ ಕಥೆ ಹೇಳುತ್ತಿದ್ದೆ, ನೋಡಿರಲೇ ಇಲ್ಲ.

ಸ್ಪಂದನ, ಆ ಮೇಜಿನ ಮೇಲಿನ ಬಟ್ಟೆ ತೆಗೆಯಮ್ಮ. ಹಾಂ. ಈ ಕಡೆ ತಿರುಗಿಸಿ ಹಿಡಿ, ಮೂರನೇ ಸಾಲಿಗೆ ಕಾಣಲಿ.

ಹನ್ನೊಂದು ಚೌಕ ಇದೆ ನೋಡಿ. ಕಾಗೆಯ ಕತ್ತು ಮತ್ತೆ ಸೊಟ್ಟಗಾಗಿದೆ. ಹನ್ನೆರಡನೆಯದು ಖಾಲಿ. ನೀರು ಚಿಮುಕಿಸಿ ಇಸ್ತ್ರಿ ಮಾಡಿದೆನಲ್ಲ, ಅದರ ತೂತುಗಳೆಲ್ಲ ಮುಚ್ಚಿಹೋದವು. ಎಷ್ಟು ಬೆಳಕಿಗೆ ಹಿಡಿದರೂ ಸಿಗಲಿಲ್ಲ. ಆ ದಿನ ಕರೆಂಟ್ ತೆಗೆದವರು ಯಾರೋ, ಅವರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ, ಇಲ್ಲದಿದ್ದರೆ ಹನ್ನೆರಡೂ ಹೋಗಿರುತ್ತಿದ್ದವು. ಕಾಫಿ ಲೋಟವನ್ನು ನಾನು ಊಹೆಯ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಬಾಣ ಅಂಟಿಸಿ ಜಾಗ ಗುರುತು ಮಾಡಿದ್ದೇನೆ, ಅಷ್ಟೇ.

ಅಲಮೇಲಮ್ಮ, ನಿಮ್ಮ ಕೈ ಈಗ ಹಿಂದಿನ ಹಾಗೆ ಇಲ್ಲ, ನನಗೆ ಗೊತ್ತು. ಲೋಟ ಸೊಟ್ಟಗೆ ಬರುತ್ತದೆ. ಬರಲಿ. ಪಕ್ಕದಲ್ಲಿ ಕುಳಿತು ದಾರ ಪೋಣಿಸಿ ಕೊಡುತ್ತೇನೆ, ನಮ್ಮಜ್ಜಿಗೆ ಪೋಣಿಸಿ ಕೊಡುತ್ತಿದ್ದೆನಲ್ಲ, ಹಾಗೆ. ಬಾಯಿ ಮುಚ್ಚಿಕೊಂಡಿರುತ್ತೇನೆ. ಯಾರೂ ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಈ ಹನ್ನೊಂದು ನಿಮ್ಮವೇ ಎಂದು ನಿಮಗೆ ಅನ್ನಿಸಿದರೆ ಬನ್ನಿ. ಅನ್ನಿಸದಿದ್ದರೆ ಊಟ ಮಾಡಿಕೊಂಡು ಹೋಗಿ, ನಾನು ನಾಲ್ಕನೇ ಸಲ ಮನೆಗೆ ಬಂದು ಕಾಡುವುದಿಲ್ಲ.

ಎದ್ದರು.

ಬಾಗಿಲ ಕಡೆಗೋ... ಇಲ್ಲ. ಈ ಕಡೆಗೆ. ಯಾರಾದರೂ ಕುರ್ಚಿ ಸರಿಸಿ ದಾರಿ ಬಿಡಿ! ಸ್ಪಂದನ, ಕೈ ಹಿಡಿದುಕೋ, ಮೂರು ಮೆಟ್ಟಿಲಿದೆ. ಬೇಡವಂತೆ. ಸರಿ, ಒಬ್ಬರೇ ಹತ್ತಲಿ.

ಕಾಗೆಯನ್ನೇ ಮೊದಲು ಮುಟ್ಟಿ ನೋಡುತ್ತಿದ್ದಾರೆ. ಜನವರಿಯ ಆ ಒಂಬತ್ತು ತೂತಿನ ಹತ್ತಿರ ಬೆರಳು ನಿಂತಿದೆ. ಈಗ ಖಾಲಿ ಚೌಕ. ಅಯ್ಯೋ, ಆ ಬಾಣ ಕೀಳಬೇಡಿ ಮೇಡಂ, ಅದು ಮೂಲೆಯ ಗುರುತು! ಕಿತ್ತೇಬಿಟ್ಟರು. ಏನ್ರೀ ಇದು, ನನ್ನ ಕಡೆ ಯಾಕೆ ತರ್ತೀರಿ...

ಸಭಿಕರೇ, ಹಿಂದಿನವರಿಗೆ ಕಾಣಿಸಿತೋ ಇಲ್ಲವೋ. ಆ ಬಾಣವನ್ನು ತಂದು ನನಗೆ ಅಂಟಿಸಿದ್ದಾರೆ. ನನ್ನ ಶಾಲಿನ ಮೇಲೆ, ಎದೆಯ ಹತ್ತಿರ. ಬಾಣ ಅಂಟಿಸಿದ್ದು ಆಲ್ಟ್ರೇಷನ್‌ಗೆ ಹೋಗುತ್ತದೆ, ಮೂಲೆಯ ರಾಶಿಗಲ್ಲ ಎಂದು ನಿಮಗೆ ಆಗಲೇ ಹೇಳಿದ್ದೇನೆ. ಕೈ ನಡುಗಿತು, ಹಾಗಾಗಿ ಬಾಣ ಸ್ವಲ್ಪ ಓರೆಯಾಗಿ ಕುಳಿತಿದೆ. ಯಾರೂ ಮುಟ್ಟಬೇಡಿ, ಹಾಗೇ ಇರಲಿ.

ಚೇತನಾ, ನಾಳೆ ಬೆಳಿಗ್ಗೆ ಬಾಗಿಲಿನ ಆ ಅಂಟಿಸಿದ್ದನ್ನು ಕಿತ್ತು ಹಾಕಮ್ಮ. ರಂಗೋಲಿ ಪುಡಿ ನಾನು ತರುತ್ತೇನೆ.

ಇನ್ನು ಮುಗಿಸುತ್ತೇನೆ. ಕರೆದ ಬಳಗಕ್ಕೆ, ಶಾಲು ಹೊದಿಸಿದ ಅಧ್ಯಕ್ಷರಿಗೆ, ನಲವತ್ತು ಫೋಟೋ ತೆಗೆದ ರಾಗಿಣಿ ಮೇಡಂಗೆ, ಬಾಗಿಲ ಪಕ್ಕದಿಂದ ಇನ್ನೂ ಓಡಿಹೋಗದ ಯಜಮಾನರಿಗೆ, ಕೊತ್ತಂಬರಿ ಕಟ್ಟು ಹಿಡಿದು ನನಗೆ ಬುದ್ಧಿ ಹೇಳಿದ ಸೇತುರಾಮ ಅವರಿಗೆ ನನ್ನ ವಂದನೆಗಳು. ಊಟಕ್ಕೆ ನೀವೆಲ್ಲ ಮುಂದೆ ನಡೆಯಿರಿ. ನಾವಿಬ್ಬರು ಆಮೇಲೆ ಬರುತ್ತೇವೆ, ಸೂಜಿಗೆ ದಾರ ಪೋಣಿಸಬೇಕಂತೆ. ನಮಸ್ಕಾರ.